ಮುದ್ದೆಯೊಳಗಿನ ಬಿಸಿಲು: ದ್ಯುತಿಸಂಶ್ಲೇಷಣೆ ಮತ್ತು ಕೋಶೀಯ ಉಸಿರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಈ ಪಾಠ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಎದುರಾಗುತ್ತವೆ. ಅರ್ಧ ಮಕ್ಕಳು ಕೇಳುವುದು, ಇನ್ನರ್ಧ ಅವರ ಮನೆಯವರು ಕೇಳಿ ಕಳಿಸುವುದು. ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಒಂದು ಕಡೆ, ಉಸಿರಾಟ ಇನ್ನೊಂದು ಕಡೆ ಇರುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸಿಬಿಡುತ್ತದೆ. ಅದಕ್ಕೇ ಇಲ್ಲಿ ಒಂದು ಹಿಡಿ ರಾಗಿ ಹಿಡಿದುಕೊಂಡು ಹೊರಟಿದ್ದೇನೆ. ಹೊಲ, ಕಾಳು ಕೂಡಿಡುವ ಹಗೇವು, ಮುದ್ದೆ, ಕೊನೆಗೆ ನಮ್ಮ ಉಸಿರು. ದಾರಿಯಲ್ಲಿ ಇಡ್ಲಿ ಹಿಟ್ಟೂ ಸಿಗುತ್ತದೆ.

ಮೊದಲು ಎರಡನ್ನೂ ಚುಟುಕಾಗಿ ಹೇಳಿಬಿಡಿ.

ಹಸಿರು ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ. ಬೇರು ನೀರು ಕಳಿಸುತ್ತದೆ. ಬಿಸಿಲಿನ ಬಲದಿಂದ ಎಲೆ ಇವೆರಡನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಇದು ದ್ಯುತಿಸಂಶ್ಲೇಷಣೆ. ಜೀವಕೋಶ ಅದೇ ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಹಂತ ಹಂತವಾಗಿ ಬಿಡಿಸಿ ಶಕ್ತಿ ಪಡೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಮತ್ತು ನೀರು ವಾಪಸ್ ಹೊರಬರುತ್ತವೆ. ಇದು ಕೋಶೀಯ ಉಸಿರಾಟ.

ಲೆಕ್ಕ ಬೇಕೆಂದರೆ: ಇಂಗಾಲದ ಡೈಆಕ್ಸೈಡಿನ 6 ಅಣು, ನೀರಿನ 6 ಅಣು ಸೇರಿ ಗ್ಲೂಕೋಸಿನ 1 ಅಣು ಮತ್ತು ಆಮ್ಲಜನಕದ 6 ಅಣು. ಉಸಿರಾಟದ ಲೆಕ್ಕ ಇದನ್ನೇ ತಿರುಗಿಸಿ ಬರೆದ ಹಾಗೆ ಕಾಣುತ್ತದೆ. ಆದರೆ ತಿರುಗಿದ್ದು ಲೆಕ್ಕ ಮಾತ್ರ. ಹೋದ ದಾರಿಯಲ್ಲೇ ಹಿಂದಕ್ಕೆ ಬರುವುದಿಲ್ಲ. ಎರಡರ ಹೆಜ್ಜೆಗಳೂ ಬೇರೆ, ನಡೆಯುವ ಜಾಗವೂ ಬೇರೆ.

ಗಿಡ ಮಣ್ಣಿನ ಸಾರ ಹೀರಿಕೊಂಡು ಬೆಳೆಯುತ್ತದೆ, ಅಲ್ವಾ?

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಒಂದು ಮರ ಕ್ವಿಂಟಾಲುಗಟ್ಟಲೆ ತೂಗುತ್ತದೆ. ಅಷ್ಟೂ ಮಣ್ಣಿನಿಂದ ಬಂದಿದ್ದರೆ ಬುಡದಲ್ಲಿ ದೊಡ್ಡ ಗುಂಡಿ ಬೀಳಬೇಕಿತ್ತು. ಬಿದ್ದಿಲ್ಲವಲ್ಲ.

ಇದನ್ನು ತೂಗಿ ನೋಡಿದವರು ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಇವತ್ತಿನ ಬೆಲ್ಜಿಯಂನವರು. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ಒಂದು ದೊಡ್ಡ ಕುಂಡಕ್ಕೆ ತುಂಬಿ, 5 ಪೌಂಡಿನ ವಿಲೋ ಸಸಿ ನೆಟ್ಟರು. ಐದು ವರ್ಷ ಬರೀ ನೀರು ಹಾಕಿದರು. ಕೊನೆಗೆ ತೂಗಿದಾಗ ಮರ ಸುಮಾರು 169 ಪೌಂಡ್ ಆಗಿತ್ತು, ಅಂದರೆ 76 ಕಿಲೋಗೂ ಮಿಕ್ಕಿ. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರು. ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್, ನಮ್ಮ ಲೆಕ್ಕದಲ್ಲಿ 57 ಗ್ರಾಂ. ಈ ಬರಹ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1648ರಲ್ಲಿ.

ಹಾಗಾದರೆ ಮರ ಆದದ್ದು ನೀರಿನಿಂದಲೇ ಎಂದು ಅವರು ತೀರ್ಮಾನಿಸಿದರು. ಅರ್ಧ ಸರಿ. ಉಳಿದರ್ಧ ಗಾಳಿಯಲ್ಲಿತ್ತು. ಇಲ್ಲೊಂದು ತಮಾಷೆ ಇದೆ. ‘ಗ್ಯಾಸ್’ ಅನ್ನುವ ಪದವನ್ನು ಹುಟ್ಟಿಸಿದವರೇ ಈ ಹೆಲ್ಮಾಂಟ್. ಇದ್ದಿಲು ಉರಿದಾಗ ಬರುವ ಗಾಳಿ ಮಾಮೂಲಿ ಗಾಳಿಯಲ್ಲ ಎಂದು ಗುರುತಿಸಿದವರೂ ಅವರೇ. ಆ ಗಾಳಿಯೇ ತಮ್ಮ ಮರದ ಮೈಯಾಗಿದೆ ಅನ್ನುವುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಒಣ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ. ಅಷ್ಟೂ ಗಾಳಿಯಿಂದ ಬಂದದ್ದು. ಮಣ್ಣು ಕೊಟ್ಟ ಪಾಲು ಎಷ್ಟು ಎಂದು ನೋಡಬೇಕಾದರೆ ಸೌದೆ ಒಲೆಯನ್ನು ಬೆಳಿಗ್ಗೆ ಕೆದಕಿ. ಅಲ್ಲಿ ಉಳಿದಿರುವ ಬೂದಿಯೇ ಹೆಚ್ಚುಕಡಿಮೆ ಆ ಪಾಲು.

ಹಾಗಿದ್ದರೆ ಗೊಬ್ಬರ ಯಾಕೆ ಹಾಕಬೇಕು?

ಬೂದಿ ಸ್ವಲ್ಪವೇ ಇರಬಹುದು. ಅದಿಲ್ಲದೆ ಎಲೆ ಕೆಲಸ ಮಾಡುವುದಿಲ್ಲ. ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ, ಸುತ್ತ ನಾಲ್ಕು ಸಾರಜನಕದ ಪರಮಾಣುಗಳು. ಸಕ್ಕರೆ ಮಾಡುವ ಕಿಣ್ವಗಳಿಗೂ, ಅಂದರೆ ಜೀವಕೋಶದ ರಾಸಾಯನಿಕ ಕೆಲಸ ಚುರುಕುಗೊಳಿಸುವ ಪ್ರೋಟೀನುಗಳಿಗೂ, ಸಾರಜನಕ ಬೇಕು. ಶಕ್ತಿ ಹೊರುವ ಅಣುವಿಗೆ ರಂಜಕ ಬೇಕು. ಯೂರಿಯಾ ಕಡಿಮೆಯಾದ ಪೈರು ಹಳದಿಯಾಗುವುದು ಇದಕ್ಕೇ. ಗೊಬ್ಬರ ಗಿಡದ ಊಟವಲ್ಲ, ಗಿಡದ ಅಡುಗೆಮನೆಯ ಪಾತ್ರೆ ಪಡಗ ಅನ್ನಿ.

ಎಲೆಯೊಳಗೆ ನಿಜವಾಗಿ ಏನು ನಡೆಯುತ್ತದೆ?

ಎರಡು ಪಾಳಿಯ ಕೆಲಸ. ಎರಡೂ ನಡೆಯುವುದು ಜೀವಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಲ್ಲಿ.

ಮೊದಲ ಪಾಳಿಗೆ ಬೆಳಕು ಬೇಕೇ ಬೇಕು. ಪತ್ರಹರಿತ್ತು ಬೆಳಕನ್ನು ಹೀರಿಕೊಂಡಾಗ ಅದರ ಒಂದು ಎಲೆಕ್ಟ್ರಾನ್ ಮೇಲಕ್ಕೆ ನೆಗೆದು ಕೈಬಿಟ್ಟು ಹೋಗುತ್ತದೆ. ಖಾಲಿಯಾದ ಜಾಗ ತುಂಬಲು ಎಲೆ ನೀರನ್ನು ಒಡೆಯುತ್ತದೆ. ನೀರು ಸುಮ್ನೆ ಒಡೆಯುವ ಪದಾರ್ಥವಲ್ಲ, ತುಂಬಾ ಗಟ್ಟಿ. ಎಲೆ ಅದನ್ನು ನಡು ಮಧ್ಯಾಹ್ನದ ಬಿಸಿಲಿನಲ್ಲಿ ಸದ್ದಿಲ್ಲದೆ ಮಾಡುತ್ತದೆ. ಒಡೆದ ನೀರಿನ ಜಲಜನಕದ ಪಾಲು ಎಲೆಗೆ. ಆಮ್ಲಜನಕ ಅದಕ್ಕೆ ಬೇಡದ್ದು, ಹೊರಗೆ ಬಿಡುತ್ತದೆ. ನಾವು ಉಸಿರಾಡುವುದು ಆ ಬೇಡದ್ದನ್ನು.

ಈ ಆಮ್ಲಜನಕ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದು ಎಂದೇ ಬಹಳ ಕಾಲ ನಂಬಿದ್ದರು. 1941ರಲ್ಲಿ ಅಮೆರಿಕದ ರೂಬೆನ್, ಕಾಮೆನ್ ಮತ್ತು ಜೊತೆಗಾರರು ಸ್ವಲ್ಪ ಭಾರದ ಆಮ್ಲಜನಕವಿದ್ದ ನೀರನ್ನು ಪಾಚಿಗೆ ಕೊಟ್ಟು ನೋಡಿದರು. ಹೊರಬಂದ ಗಾಳಿಯಲ್ಲಿ ಆ ಭಾರದ ಆಮ್ಲಜನಕವೇ ಸಿಕ್ಕಿತು. ಅಂದರೆ ಅದು ನೀರಿನದ್ದು.

ಎರಡನೇ ಪಾಳಿಯಲ್ಲಿ ಗಾಳಿಯ ಇಂಗಾಲ ಸಕ್ಕರೆಯಾಗುತ್ತದೆ. ಇದರ ಹೆಜ್ಜೆಗಳನ್ನು ಪತ್ತೆ ಮಾಡಿದವರು ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್. ವಿಕಿರಣ ಸೂಸುವ ಇಂಗಾಲ-14 ಅನ್ನು ಪಾಚಿಗೆ ಉಣಿಸಿ, ಕೆಲವೇ ಸೆಕೆಂಡಿನಲ್ಲಿ ಅದನ್ನು ಬಿಸಿ ಆಲ್ಕೋಹಾಲಿಗೆ ಸುರಿದು, ಇಂಗಾಲ ಯಾವ ಅಣುವಿನಲ್ಲಿ ಕೂತಿದೆ ಎಂದು ಹುಡುಕಿದರು. 1961ರ ನೊಬೆಲ್ ಬಂತು. ಬಂದದ್ದು ಕ್ಯಾಲ್ವಿನ್ ಒಬ್ಬರಿಗೇ. ಬೆನ್ಸನ್ ಅವರಿಗೂ ಸಿಗಬೇಕಿತ್ತು ಎಂದು ಹೇಳುವವರ ಗುಂಪಿನಲ್ಲಿ ನಾನೂ ಇದ್ದೇನೆ.

ಗಾಳಿಯಿಂದ ಇಂಗಾಲವನ್ನು ಹಿಡಿಯುವ ಕಿಣ್ವದ ಹೆಸರು ರುಬಿಸ್ಕೋ. ಭೂಮಿಯ ಮೇಲೆ ಅತಿ ಹೆಚ್ಚು ಇರುವ ಕಿಣ್ವಗಳಲ್ಲಿ ಇದೂ ಒಂದು. ಕೆಲಸದಲ್ಲಿ ಮಹಾ ನಿಧಾನ. ಬೇರೆ ಕಿಣ್ವಗಳು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಮುಗಿಸುವಾಗ ಇದು ಬೆರಳೆಣಿಕೆಯಷ್ಟನ್ನು ಮುಗಿಸುತ್ತದೆ. ಅದಕ್ಕೇ ಎಲೆ ಇದನ್ನು ರಾಶಿ ರಾಶಿ ಮಾಡಿಟ್ಟುಕೊಂಡಿರುತ್ತದೆ. ಒಬ್ಬ ಸೋಮಾರಿಯ ಬದಲು ನೂರು ಸೋಮಾರಿಗಳನ್ನು ಕೂಲಿಗೆ ಕರೆದ ಹಾಗೆ!

ಎಲೆ ಹಸಿರೇ ಯಾಕೆ?

ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಉಳಿದ ಹಸಿರು ನಮ್ಮ ಕಣ್ಣಿಗೆ ಬರುತ್ತದೆ.

ಮಳೆ ಕೈಕೊಟ್ಟರೂ ರಾಗಿ ನಿಲ್ಲುತ್ತದೆ, ಭತ್ತ ನಿಲ್ಲುವುದಿಲ್ಲ. ಇದಕ್ಕೂ ದ್ಯುತಿಸಂಶ್ಲೇಷಣೆಗೂ ಸಂಬಂಧ ಇದೆಯಾ?

ಪೂರ್ತಿ ಅಲ್ಲ, ಆದರೆ ಖಂಡಿತ ಇದೆ. ರುಬಿಸ್ಕೋಗೆ ನಿಧಾನದ ಜೊತೆ ಇನ್ನೊಂದು ಕೆಟ್ಟ ಚಾಳಿ ಇದೆ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಬದಲು ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆಗ ಮಾಡಿದ ಕೆಲಸ ಸ್ವಲ್ಪ ದಂಡ. ಬಿಸಿಲು ಏರಿದಷ್ಟೂ ಈ ತಪ್ಪು ಜಾಸ್ತಿ. ನೀರು ಉಳಿಸಲು ಗಿಡ ಎಲೆಯ ಪತ್ರರಂಧ್ರಗಳನ್ನು, ಅಂದರೆ ಗಾಳಿಯಾಡುವ ಸಣ್ಣ ತೂತುಗಳನ್ನು, ಮುಚ್ಚಿಕೊಂಡರಂತೂ ಒಳಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಪ್ಪು ಇನ್ನೂ ಹೆಚ್ಚುತ್ತದೆ. ಭತ್ತ, ಗೋಧಿ, ತೊಗರಿ, ಹುರುಳಿ ಎಲ್ಲವೂ ಈ ದಂಡ ಕಟ್ಟುವ ಬೆಳೆಗಳೇ.

ರಾಗಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಕಬ್ಬು ಬೇರೆ ದಾರಿ ಹಿಡಿದಿವೆ. ಇವುಗಳನ್ನು ಸಿ-4 ಸಸ್ಯ ಅನ್ನುತ್ತಾರೆ. ಎಲೆಯ ಹೊರಗಿನ ಕೋಶಗಳಲ್ಲಿ ಚುರುಕಾದ ಬೇರೊಂದು ಕಿಣ್ವ ಇಂಗಾಲವನ್ನು ಹಿಡಿಯುತ್ತದೆ. ಹಿಡಿದದ್ದನ್ನು ಒಳಗೆ ನರದ ಸುತ್ತ ಇರುವ ಕೋಶಗಳಿಗೆ ಸಾಗಿಸುತ್ತದೆ. ರುಬಿಸ್ಕೋ ಕೂತಿರುವುದು ಅಲ್ಲಿ. ಸುತ್ತ ಇಂಗಾಲದ ಡೈಆಕ್ಸೈಡೇ ತುಂಬಿರುವಾಗ ತಪ್ಪು ಮಾಡಲು ಅವಕಾಶ ಕಡಿಮೆ. ಈ ಸಾಗಣೆಗೆ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ. ಬಿಸಿಲು ಧಾರಾಳವಾಗಿರುವ ಬಯಲುಸೀಮೆಯಲ್ಲಿ ಅದು ಲೆಕ್ಕಕ್ಕಿಲ್ಲ. ಪತ್ರರಂಧ್ರವನ್ನು ಜಾಸ್ತಿ ತೆರೆಯಬೇಕಿಲ್ಲದ್ದರಿಂದ ಒಂದೇ ಬಿಂದಿಗೆ ನೀರಿಗೆ ಹೆಚ್ಚು ಬೆಳೆ. ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಈ ದಾರಿಯನ್ನು ವಿವರಿಸಿದ್ದು ಕಬ್ಬಿನ ಎಲೆ ಹಿಡಿದುಕೊಂಡು.

ಪಾಪಾಸುಕಳ್ಳಿ, ಕತ್ತಾಳೆ, ಅನಾನಸ್ಸಿನದ್ದು ಇನ್ನೂ ಬೇರೆ ಉಪಾಯ. ಹಗಲು ಬಾಗಿಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ತುಂಬಿಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ಅದನ್ನು ಬಳಸುತ್ತವೆ.

ಉಸಿರಾಟ ಅಂದರೆ ಮೂಗಿನಲ್ಲಿ ಗಾಳಿ ಎಳೆದುಕೊಳ್ಳುವುದು ತಾನೇ?

ಅದು ಸಾಗಣೆ ಮಾತ್ರ. ಮೂಗು, ಶ್ವಾಸಕೋಶ, ರಕ್ತ ಇವೆಲ್ಲ ಆಮ್ಲಜನಕವನ್ನು ಮನೆ ಬಾಗಿಲಿಗೆ ತಲುಪಿಸುವ ಲಾರಿಗಳು. ನಿಜವಾದ ಕೆಲಸ ಒಂದೊಂದು ಜೀವಕೋಶದ ಒಳಗೆ ನಡೆಯುತ್ತದೆ. ಮೂಗಿಲ್ಲದ ರಾಗಿ ಕಾಳೂ, ಅಣಬೆಯೂ, ಗದ್ದೆಯ ಎರೆಹುಳುವೂ ಈ ಅರ್ಥದಲ್ಲಿ ಉಸಿರಾಡುತ್ತವೆ.

ಮುದ್ದೆ ನುಂಗಿದ ಮೇಲೆ ಅದರ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಜೀವಕೋಶ ಆ ಗ್ಲೂಕೋಸನ್ನು ಮೊದಲು ಎರಡು ಹೋಳು ಮಾಡುತ್ತದೆ. ಇದಕ್ಕೆ ಆಮ್ಲಜನಕ ಬೇಡ. ಹೋಳುಗಳು ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಕಣಗಳಿಗೆ ಹೋಗುತ್ತವೆ. ಅಲ್ಲಿ, ಹೆಚ್ಚಾಗಿ ಕ್ರೆಬ್ಸ್ ಚಕ್ರ ಎಂಬ ಸರಣಿ ಕ್ರಿಯೆಯಲ್ಲಿ, ಇಂಗಾಲವೆಲ್ಲ ಡೈಆಕ್ಸೈಡ್ ಆಗಿ ಕಳಚುತ್ತದೆ. ಹಾನ್ಸ್ ಕ್ರೆಬ್ಸ್ ಇದನ್ನು ಬಿಡಿಸಿದ್ದು 1937ರಲ್ಲಿ. ಉಳಿದ ಜಲಜನಕದ ಎಲೆಕ್ಟ್ರಾನುಗಳು ಒಂದು ಕೈಯಿಂದ ಇನ್ನೊಂದು ಕೈಗೆ ಇಳಿಯುತ್ತಾ ಹೋಗುತ್ತವೆ. ಕೊನೆಯಲ್ಲಿ ಕೈ ಚಾಚಿ ನಿಂತಿರುವುದು ಆಮ್ಲಜನಕ. ಅದು ಎಲೆಕ್ಟ್ರಾನನ್ನೂ ಪ್ರೋಟಾನನ್ನೂ ಹಿಡಿದು ನೀರಾಗುತ್ತದೆ. ನಾವು ಉಸಿರು ಎಳೆದುಕೊಳ್ಳುವುದು ಈ ಕೊನೆಯ ಕೈಗಾಗಿ. ಅದಿಲ್ಲದಿದ್ದರೆ ಹಿಂದಿನ ಸಾಲು ಪೂರ್ತಿ ನಿಂತುಬಿಡುತ್ತದೆ, ಕೆಲವೇ ನಿಮಿಷದಲ್ಲಿ ಮೆದುಳಿಗೆ ಅಪಾಯ.

ಎಲೆಕ್ಟ್ರಾನು ಇಳಿಯುವಾಗ ಸಿಗುವ ಶಕ್ತಿಯಿಂದ ಪ್ರೋಟಾನುಗಳು ಒಂದು ಪೊರೆಯ ಆಚೆಗೆ ತಳ್ಳಿಸಿಕೊಂಡು ರಾಶಿಯಾಗುತ್ತವೆ. ವಾಪಸ್ ಬರಲು ಅವಕ್ಕೆ ಇರುವ ಮುಖ್ಯ ದಾರಿ ಒಂದು ಪುಟ್ಟ ಯಂತ್ರದ ಮೂಲಕ. ಅವು ಹಾದು ಬರುವಾಗ ಆ ಯಂತ್ರ ಗಿರಗಿರ ತಿರುಗಿ ಎಟಿಪಿ ಎಂಬ, ಶಕ್ತಿ ಹೊರುವ ಅಣುವನ್ನು ಮಾಡುತ್ತದೆ. ಮೇಲೆ ನಿಂತ ನೀರು ಕೆಳಗೆ ಬೀಳುವಾಗ ಚಕ್ರ ತಿರುಗಿಸಿ, ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ಅದೇ ಉಪಾಯ. ಜೀವಕೋಶಗಳು ಅದನ್ನು ನೂರಾರು ಕೋಟಿ ವರ್ಷದಿಂದ ಮಾಡುತ್ತಿವೆ. ಪೀಟರ್ ಮಿಚೆಲ್ 1961ರಲ್ಲಿ ಹೀಗೆಂದಾಗ ಹೆಚ್ಚಿನವರು ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಕೊಟ್ಟರು. ನನಗೆ ಇಡೀ ಪಾಠದಲ್ಲಿ ಅತಿ ಇಷ್ಟವಾದ ವಿಷಯ ಏನೆಂದರೆ, ಎಲೆಯ ಕ್ಲೋರೋಪ್ಲಾಸ್ಟಿನಲ್ಲಿರುವುದೂ ಇದೇ ಜಾತಿಯ ಯಂತ್ರ. ಹೊಲದಲ್ಲೂ ಅದೇ ಚಕ್ರ, ಹೊಟ್ಟೆಪಾಡಿನಲ್ಲೂ ಅದೇ ಚಕ್ರ.

ಎಟಿಪಿ ಯಾಕೆ? ಸಕ್ಕರೆಯಲ್ಲೇ ಶಕ್ತಿ ಇದೆಯಲ್ಲ?

ಬಸ್ ಹತ್ತಿ 15 ರೂಪಾಯಿ ಟಿಕೆಟಿಗೆ 500ರ ನೋಟು ಕೊಟ್ಟು ನೋಡಿ, ಕಂಡಕ್ಟರ್ ಮುಖ ಹೇಗಾಗುತ್ತದೆ ಅಂತ! ಗ್ಲೂಕೋಸ್ ಆ ನೋಟು. ಎಟಿಪಿ ಚಿಲ್ಲರೆ. ಸ್ನಾಯು ಒಮ್ಮೆ ಎಳೆಯಲು, ನರ ಒಂದು ಸಂದೇಶ ಕಳಿಸಲು ಬೇಕಾಗುವುದು ಚಿಲ್ಲರೆಯೇ. ಒಂದು ಗ್ಲೂಕೋಸ್ ಮುರಿಸಿದರೆ ಸುಮಾರು 30ರಿಂದ 32 ಎಟಿಪಿ ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿರುತ್ತದೆ. ಪರೀಕ್ಷೆಗೆ ನಿಮ್ಮ ಪುಸ್ತಕದಲ್ಲಿರುವುದನ್ನೇ ಬರೆಯಿರಿ, ಜಗಳ ಬೇಡ.

ಈ ಚಿಲ್ಲರೆಯನ್ನು ಮೈ ಕೂಡಿಡುವುದಿಲ್ಲ. ಯಾವ ಹೊತ್ತಿನಲ್ಲಿ ನೋಡಿದರೂ ದೇಹದಲ್ಲಿ ಇರುವುದು ಕೆಲವು ಹತ್ತು ಗ್ರಾಂ. ಅದನ್ನೇ ಖರ್ಚು ಮಾಡಿ, ಮತ್ತೆ ಕಟ್ಟಿ, ಮತ್ತೆ ಖರ್ಚು ಮಾಡಿ, ದಿನಕ್ಕೆ ನಮ್ಮ ಮೈತೂಕದಷ್ಟು ಎಟಿಪಿ ತಿರುಗಾಡುತ್ತದೆ.

ರಾತ್ರಿ ಮರದ ಕೆಳಗೆ ಮಲಗಬಾರದು ಅನ್ನುತ್ತಾರೆ. ಅರಳಿ ಮರ, ತುಳಸಿ ಮಾತ್ರ ರಾತ್ರಿಯೂ ಆಮ್ಲಜನಕ ಕೊಡುತ್ತವಂತೆ. ನಿಜವಾ?

ಎರಡೂ ಮಾತು ನಿಲ್ಲುವುದಿಲ್ಲ.

ಗಿಡ ಹಗಲೂ ರಾತ್ರಿ ಉಸಿರಾಡುತ್ತದೆ. ಹಗಲು ದ್ಯುತಿಸಂಶ್ಲೇಷಣೆಯ ಅಬ್ಬರದಲ್ಲಿ ಉಸಿರಾಟ ಕಾಣುವುದಿಲ್ಲ. ರಾತ್ರಿ ಅದೊಂದೇ ಉಳಿಯುತ್ತದೆ. ಆಗ ಗಿಡ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ. ಆದರೆ ಅದು ಬಹಳ ಕಡಿಮೆ, ಬಯಲಿನಲ್ಲಿ ಗಾಳಿಗೆ ಬೆರೆತುಹೋಗುತ್ತದೆ. ಕೋಣೆಯಲ್ಲಿ ಒಂದು ಕುಂಡ ಇಟ್ಟುಕೊಂಡು ಹೆದರುವವರು ಪಕ್ಕದಲ್ಲಿ ಮಲಗಿದ ಗಂಡನಿಗೋ ಹೆಂಡತಿಗೋ ಹೆದರುವುದಿಲ್ಲ. ಅವರು ಬಿಡುವುದು ಆ ಕುಂಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ದೊಡ್ಡವರೊಬ್ಬರು ದಿನಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 1 ಕಿಲೋ. ಮರದ ಕೆಳಗೆ ರಾತ್ರಿ ಮಲಗದಿರಲು ಹಾವು, ಚೇಳು, ಒಣಕೊಂಬೆ ಇವೇ ಸಾಕಷ್ಟು ಕಾರಣ.

ಇನ್ನು ಅರಳಿ ಮರ. ಬೆಳಕಿಲ್ಲದೆ ನೀರು ಒಡೆಯುವುದಿಲ್ಲ. ನೀರು ಒಡೆಯದೆ ಆಮ್ಲಜನಕ ಬರುವುದಿಲ್ಲ. ರಾತ್ರಿ ಬಾಗಿಲು ತೆರೆಯುವ ಕಳ್ಳಿ, ಕತ್ತಾಳೆಗಳೂ ಆಮ್ಲಜನಕ ಮಾಡುವುದು ಹಗಲಿನಲ್ಲೇ. ಅರಳಿ ಕಟ್ಟೆಗೆ ಕೈಮುಗಿಯಲು ಈ ವಾಟ್ಸಾಪ್ ವಿಜ್ಞಾನದ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರಂತೆ. ಯಾಕೆ?

ಈ ಪ್ರಶ್ನೆ ಕೇಳಿದ ಹುಡುಗಿ ಅದನ್ನು ತನ್ನ ಅಜ್ಜನಿಂದ ತಂದಿದ್ದಳು. ಒಂದು ಇಡೀ ಪೀರಿಯಡ್ ಇದಕ್ಕೇ ಹೋಯಿತು.

ಹಳೇ ಮೈಸೂರು ಕಡೆ ರಾಗಿ ಕೂಡಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಜೋಳಕ್ಕೂ ಇದೇ ಏರ್ಪಾಟು. ನೀರು ನಿಲ್ಲದ ಗಟ್ಟಿ ನೆಲ, ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಕೊಟ್ಟು ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು.

ಕಾಳು ಸತ್ತ ವಸ್ತುವಲ್ಲ. ಒಳಗೆ ಮೊಳಕೆ ಮಲಗಿರುತ್ತದೆ, ಮೆಲ್ಲಗೆ ಉಸಿರಾಡುತ್ತಿರುತ್ತದೆ. ಕಾಳಿನ ಜೊತೆ ಒಳಹೋದ ಹುಳ, ಬೂಷ್ಟು ಕೂಡ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಸ್ವಲ್ಪ ಕಾಲದಲ್ಲಿ ಹುಳಕ್ಕೆ ಉಸಿರು ಕಟ್ಟುತ್ತದೆ. ಔಷಧಿ ಹೊಡೆಯದೆ ರಾಗಿ ವರ್ಷಗಟ್ಟಲೆ ಉಳಿಯುತ್ತಿದ್ದದ್ದು ಹೀಗೆ. ರಾಗಿ ಕಾಳು ತೀರಾ ಸಣ್ಣದು, ಅದಕ್ಕೆ ಹುಳ ಬೀಳುವುದೂ ಕಡಿಮೆ. ಅದೂ ಒಂದು ಅನುಕೂಲ.

ಹುಳಕ್ಕೆ ಕಟ್ಟಿದ ಉಸಿರು ಮನುಷ್ಯನಿಗೂ ಕಟ್ಟುತ್ತದೆ. ಹಗೇವಿನ ಬಾಯಿ ತೆಗೆದು ಕೂಡಲೇ ಇಳಿದವರು ಅಲ್ಲೇ ಕುಸಿದು ಸತ್ತದ್ದುಂಟು. ಅವರನ್ನು ಎತ್ತಲು ಇಳಿದವರೂ ಸತ್ತದ್ದುಂಟು. ಅದಕ್ಕೇ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು. ದೀಪ ಆರಿದರೆ ಇಳಿಯುವ ಹಾಗಿಲ್ಲ.

ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್‌ಲಿ 1771ರಲ್ಲಿ ಮಾಡಿದ ಪ್ರಯೋಗ ನೆನಪಾಗುತ್ತಿದೆಯಾ? ಮುಚ್ಚಿದ ಪಾತ್ರೆಯಲ್ಲಿ ಮೇಣದಬತ್ತಿ ಉರಿದು ಆರಿತು. ಆ ಗಾಳಿಯಲ್ಲಿ ಪುದೀನ ಕಡ್ಡಿಯೊಂದನ್ನು ಇಟ್ಟರು. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಇದಕ್ಕೆ ಬೆಳಕು ಬೇಕು, ಗಿಡದ ಹಸಿರು ಭಾಗಕ್ಕೆ ಮಾತ್ರ ಇದು ಸಾಧ್ಯ ಎಂದು 1779ರಲ್ಲಿ ತೋರಿಸಿದವರು ಯಾನ್ ಇಂಗೆನ್‌ಹೌಸ್. ಹಗೇವಿನ ದೀಪವೂ ಪ್ರೀಸ್ಟ್‌ಲಿಯ ಬತ್ತಿಯೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈ ಗಾಳಿಯಲ್ಲಿ ಇನ್ನೂ ಆಮ್ಲಜನಕ ಉಳಿದಿದೆಯಾ?

ಒಂದು ಎಚ್ಚರಿಕೆ. ದೀಪ ಉರಿಯಿತು ಅಂದ ಮಾತ್ರಕ್ಕೆ ಇಳಿಯುವುದು ಸುರಕ್ಷಿತ ಅಲ್ಲ. ಇಂಗಾಲದ ಡೈಆಕ್ಸೈಡ್ ಮೈಗೆ ತೊಂದರೆ ಕೊಡುವಷ್ಟು ಇದ್ದರೂ ದೀಪ ಉರಿಯುತ್ತಿರಬಹುದು. ಹಾಳು ಬಾವಿ, ಶೌಚದ ಗುಂಡಿಗಳಲ್ಲಂತೂ ಹೊತ್ತಿಕೊಳ್ಳುವ, ವಿಷದ ಅನಿಲಗಳೂ ಇರುತ್ತವೆ. ಅಲ್ಲಿ ದೀಪವನ್ನೂ ಇಳಿಸಬಾರದು, ಮನುಷ್ಯರನ್ನೂ ಇಳಿಸಬಾರದು.

ಒಣಗದ ಕಾಳನ್ನು ಚೀಲಕ್ಕೆ ತುಂಬಿದರೆ ಬಿಸಿಯಾಗುವುದು ಯಾಕೆ?

ಅದೂ ಉಸಿರಾಟವೇ. ನೀರಿನಂಶ ಜಾಸ್ತಿ ಇದ್ದರೆ ಕಾಳೂ ಬೂಷ್ಟೂ ಜೋರಾಗಿ ಉಸಿರಾಡುತ್ತವೆ. ಉಸಿರಾಟದಿಂದ ಬಿಸಿಯೂ ಬರುತ್ತದೆ, ನೀರೂ ಬರುತ್ತದೆ. ಆ ನೀರು ಮತ್ತೆ ಉಸಿರಾಟ ಹೆಚ್ಚಿಸುತ್ತದೆ. ಹಸಿ ಹುಲ್ಲನ್ನು ಬಣವೆ ಹಾಕಿದರೆ ಒಳಗೆ ಕೈ ಇಡಲಾರದಷ್ಟು ಕಾವು ಬರುವುದು, ಕೆಲವೊಮ್ಮೆ ತಾನಾಗಿ ಹೊತ್ತಿಕೊಳ್ಳುವುದು ಶುರುವಾಗುವುದೇ ಇಲ್ಲಿಂದ.

ಆಮ್ಲಜನಕ ಸಿಗದಿದ್ದರೆ ಜೀವಕೋಶ ಏನು ಮಾಡುತ್ತದೆ?

ಸಾಲದ ಮೇಲೆ ಬದುಕುತ್ತದೆ. ಗ್ಲೂಕೋಸನ್ನು ಅರ್ಧಕ್ಕೇ ಮುರಿದು, 30ರ ಬದಲು ಒಂದೋ ಎರಡೋ ಎಟಿಪಿಗೆ ತೃಪ್ತಿಪಡುತ್ತದೆ. ಉಳಿದ ಶಕ್ತಿ ಅರೆಬರೆ ಮುರಿದ ಅಣುವಿನಲ್ಲೇ ಉಳಿದಿರುತ್ತದೆ. ಇದೇ ಹುದುಗುವಿಕೆ.

ರಾತ್ರಿ ರುಬ್ಬಿಟ್ಟ ಅಕ್ಕಿ, ಉದ್ದಿನ ಹಿಟ್ಟಿನಲ್ಲಿ ನಡೆಯುವುದು ಇದೇ. ಕಾಳಿನ ಮೇಲೇ ಇದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಲ್ಯೂಕೋನೋಸ್ಟಾಕ್ ಎಂಬುದು, ಹಿಟ್ಟಿನ ಸಕ್ಕರೆ ತಿಂದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ. ಗಾಳಿಯಿಂದ ಉಬ್ಬು. ಆ ಗಾಳಿ ಓಡಿಹೋಗದಂತೆ ಹಿಡಿದಿಡುವುದು ಉದ್ದಿನ ಅಂಟು. ಅದಕ್ಕೇ ಬರೀ ಅಕ್ಕಿ ಹಿಟ್ಟು ಇಡ್ಲಿಯ ಹಾಗೆ ಉಬ್ಬುವುದಿಲ್ಲ. ಮಾಗಿಯ ಚಳಿಯಲ್ಲಿ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕ ಇಡಬೇಕಾಗುತ್ತದೆ. ಈಚಲು ಮರದ ಹೆಂಡದಲ್ಲಿ ಈಸ್ಟ್ ಇದೇ ಆಟ ಆಡಿ ಆಲ್ಕೋಹಾಲ್ ಬಿಡುತ್ತದೆ.

ಜೋರಾಗಿ ಓಡಿದಾಗ ನಮ್ಮ ಸ್ನಾಯುವೂ ಲ್ಯಾಕ್ಟಿಕ್ ದಾರಿ ಹಿಡಿಯುತ್ತದೆ. ಮಾರನೇ ದಿನದ ಮೈಕೈ ನೋವಿಗೆ ಅದೇ ಕಾರಣ ಅನ್ನುವುದು ಮಾತ್ರ ಹಳೆಯ ತಪ್ಪು ತಿಳಿವಳಿಕೆ. ಅದು ಓಡಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನಿಂದ.

ತೂಕ ಇಳಿಸಿದವರ ಕೊಬ್ಬು ಎಲ್ಲಿಗೆ ಹೋಯಿತು?

ಬೆವರಾಗಿ ಹೋಯಿತು, ಶಾಖವಾಗಿ ಕರಗಿತು ಅನ್ನುವ ಉತ್ತರವೇ ಜಾಸ್ತಿ. ನಿಜವಾಗಿ ಬಹುಪಾಲು ಮೂಗಿನಿಂದ ಹೋಗುತ್ತದೆ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ. 1.6 ಕಿಲೋ ನೀರಾಗುತ್ತದೆ. ಆಸ್ಟ್ರೇಲಿಯಾದ ಇಬ್ಬರು ಈ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದಾಗ ಎಷ್ಟೋ ಡಾಕ್ಟರುಗಳಿಗೂ ಅದು ಹೊಸದಾಗಿತ್ತು. ಹಾಗಂತ ಕೂತಲ್ಲೇ ಜೋರಾಗಿ ಉಸಿರು ಬಿಟ್ಟರೆ ಸಣ್ಣಗಾಗುವುದಿಲ್ಲ, ತಲೆ ತಿರುಗುತ್ತದೆ ಅಷ್ಟೇ. ಕೋಶಗಳು ಮೊದಲು ಕೊಬ್ಬನ್ನು ಬಿಡಿಸಬೇಕು. ಅದಕ್ಕೆ ಅವಕ್ಕೆ ಕೆಲಸ ಕೊಡಬೇಕು.

ಹೆಲ್ಮಾಂಟರ ಮರ ಗಾಳಿಯಿಂದ ಬಂತು. ನಮ್ಮ ಸೊಂಟದ ಸುತ್ತಿನದ್ದು ಗಾಳಿಗೇ ಹೋಗುತ್ತದೆ.

ಪದಾರ್ಥ ಸುತ್ತುತ್ತದೆ ಸರಿ, ಶಕ್ತಿಯೂ ಸುತ್ತುತ್ತದಾ?

ಇಲ್ಲ. ಹೆಚ್ಚು ಜನ ಎಡವುವುದು ಇಲ್ಲೇ.

ಇಂಗಾಲದ ಒಂದು ಪರಮಾಣು ಎಷ್ಟು ಸಲ ಬೇಕಾದರೂ ಓಡಾಡಬಹುದು. ನಿಮ್ಮ ಉಸಿರಿನಿಂದ ಹೊರಟು ರಾಗಿ ತೆನೆಗೆ, ಅಲ್ಲಿಂದ ಹುಲ್ಲಿಗೆ, ಎಮ್ಮೆಗೆ, ಸಗಣಿಗೆ, ಗೋಬರ್ ಗ್ಯಾಸಿನ ಒಲೆಗೆ, ಮತ್ತೆ ಗಾಳಿಗೆ. ಅದು ಸವೆಯುವುದಿಲ್ಲ. ಶಕ್ತಿಯದ್ದು ಹಾಗಲ್ಲ. ಪ್ರತಿ ಹೆಜ್ಜೆಯಲ್ಲೂ ಅದು ಒಂದಿಷ್ಟು ಶಾಖವಾಗಿ ಸೋರುತ್ತದೆ. ಸೋರಿದ ಶಾಖವನ್ನು ಹಿಡಿದು ಮತ್ತೆ ಸಕ್ಕರೆ ಮಾಡುವ ಗಿಡ ಇಲ್ಲ.

ಲೆಕ್ಕ ನೋಡಿ. ಹೊಲದ ಮೇಲೆ ಬೀಳುವ ಬಿಸಿಲಿನಲ್ಲಿ ಬೆಳೆ ಹಿಡಿದಿಡುವುದು ನೂರಕ್ಕೆ ಒಂದೆರಡು ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಅದರಲ್ಲಿ ಒಂದು ಭಾಗವನ್ನು ಗಿಡವೇ ಉಸಿರಾಡಿ ಖರ್ಚು ಮಾಡುತ್ತದೆ. ಹುಲ್ಲು ತಿಂದ ಎಮ್ಮೆಯ ಮೈಗೆ ಸೇರುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನಷ್ಟು. ಆಹಾರ ಸರಪಳಿಯಲ್ಲಿ ಮೇಲೆ ಹೋದಂತೆ ಪ್ರಾಣಿಗಳ ಸಂಖ್ಯೆ ಕಡಿಮೆಯಾಗುವುದು ಇದಕ್ಕೇ. ನಾಗರಹೊಳೆಯಲ್ಲಿ ಜಿಂಕೆ ಹಿಂಡು ಹಿಂಡಾಗಿ ಕಾಣುತ್ತದೆ, ಹುಲಿ ಕಾಣಲು ಪುಣ್ಯ ಮಾಡಿರಬೇಕು.

ಮನುಷ್ಯನ ಪಾಲು? 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ ಇರುತ್ತದೆ. ದಿನಕ್ಕೆ 2,000 ಕಿಲೋಕ್ಯಾಲೊರಿ ತಿನ್ನುವ ಮನುಷ್ಯ ಹೆಚ್ಚುಕಡಿಮೆ 100 ವ್ಯಾಟಿನ ಹಳೆಯ ಬಲ್ಬಿನಷ್ಟು ಶಾಖ ಬಿಡುತ್ತಾನೆ. ಮದುವೆ ಛತ್ರದಲ್ಲಿ 500 ಜನ ಸೇರಿದರೆ ಯಾಕೆ ಸೆಕೆ ಅಂತ ಈಗ ಗೊತ್ತಾಯಿತಲ್ಲ. ಆ ಶಾಖ ಕೊನೆಗೆ ಆಕಾಶಕ್ಕೆ ಹೋಗುತ್ತದೆ. ಮಾರನೇ ದಿನ ಹೊಸ ಬಿಸಿಲು ಬೀಳಲೇಬೇಕು.

ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶವಂತೆ?

ಮಾತು ಚಂದ, ಲೆಕ್ಕ ಸರಿಯಿಲ್ಲ. ಬಲಿತ ಕಾಡು ಮಾಡಿದ ಆಮ್ಲಜನಕವನ್ನು ಅದರ ಮರಗಳು, ಪ್ರಾಣಿಗಳು, ಉದುರಿದ ಎಲೆ ಕೊಳೆಸುವ ಅಣಬೆ ಮತ್ತು ಬ್ಯಾಕ್ಟೀರಿಯಾಗಳೇ ಹೆಚ್ಚುಕಡಿಮೆ ಪೂರ್ತಿ ಬಳಸಿಬಿಡುತ್ತವೆ. ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ನಡೆಯುವುದು ಸಮುದ್ರದಲ್ಲಿ, ಕಣ್ಣಿಗೆ ಕಾಣದ ತೇಲುಜೀವಿಗಳಿಂದ. ಕಾಡು ಉಳಿಸಬೇಕಾದದ್ದು ಮಳೆಗಾಗಿ, ಜೀವಿಗಳಿಗಾಗಿ, ಅದು ಹಿಡಿದಿಟ್ಟ ಇಂಗಾಲಕ್ಕಾಗಿ.

ಹಾಗಾದರೆ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ ಉಳಿದದ್ದು ಹೇಗೆ? ಗಿಡ, ಪಾಚಿಗಳ ಒಂದು ಚೂರು ಭಾಗ ಕೊಳೆಯದೆ ಮಣ್ಣಿನಡಿ ಹೂತುಹೋಯಿತು. ಅದನ್ನು ಉರಿಸಲು ಬೇಕಿದ್ದ ಆಮ್ಲಜನಕ ಮೇಲೆ ಉಳಿಯಿತು. ನೀಲಿ ಹಸಿರು ಬ್ಯಾಕ್ಟೀರಿಯಾಗಳ ದಯೆಯಿಂದ ಸುಮಾರು 240 ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ಏರತೊಡಗಿತು. ಭಾರತದ ಕಲ್ಲಿದ್ದಲಿನ ಬಹುಭಾಗ 25 ಕೋಟಿ ವರ್ಷಕ್ಕೂ ಹಿಂದಿನ ಗೊಂಡ್ವಾನಾ ಕಾಡುಗಳದ್ದು. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುವಾಗ ಬಿಡುಗಡೆಯಾಗುವುದು ಅಂಥ ಹಳೆಯ ಬಿಸಿಲೇ. ಜೊತೆಗೆ ಆಗ ಹೂತಿದ್ದ ಇಂಗಾಲವೂ ಹೊರಬರುತ್ತದೆ. ಕೈಗಾರಿಕೆ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಮ್ಮ ಉಸಿರಿನದ್ದು ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಹೋದ ಬೆಳೆ ಗಾಳಿಯಿಂದ ತೆಗೆದದ್ದೇ.

ಬಿಸಿಲೇ ಇಲ್ಲದ ಕಡೆ ಜೀವ ಇದೆಯಾ?

ಇದೆ. 1977ರಲ್ಲಿ ಗಲಾಪಗೋಸ್ ಹತ್ತಿರ ಸಮುದ್ರದ ತಳದಲ್ಲಿ ಬಿಸಿನೀರ ಚಿಲುಮೆಗಳ ಸುತ್ತ ಜೀವಿಗಳ ಜಾತ್ರೆಯೇ ಕಂಡಿತು. ಅಲ್ಲಿನ ಬ್ಯಾಕ್ಟೀರಿಯಾಗಳು ಗಂಧಕದ ಸಂಯುಕ್ತದಿಂದ ಶಕ್ತಿ ತೆಗೆದು ಸಕ್ಕರೆ ಮಾಡುತ್ತವೆ. ಆದರೆ ಅಲ್ಲಿನ ದೊಡ್ಡ ಹುಳುಗಳು ಬಳಸುವ ಆಮ್ಲಜನಕ ಮೇಲಿನ ಬಿಸಿಲಿನಿಂದ ಬಂದದ್ದೇ.

ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ?

ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಒಂದು ಲೋಟ ನೀರಿಗೆ ಕದಡಿ, ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಸ್ಟ್ರಾದಿಂದ ಅದಕ್ಕೆ ಊದಿ, ಕುಡಿಯಬೇಡಿ. ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಿನ್ನೆಯ ಮುದ್ದೆಯ ಇಂಗಾಲ ಸುಣ್ಣದ ಜೊತೆ ಸೇರಿದ ಗುರುತು ಅದು.

ಇನ್ನೊಂದು ನನಗೆ ಇಷ್ಟವಾದದ್ದು. ಎರಡು ಫ್ಲಾಸ್ಕ್ ತೆಗೆದುಕೊಳ್ಳಿ. ಒಂದಕ್ಕೆ ಮೊಳಕೆ ಬಂದ ಹೆಸರುಕಾಳು, ಇನ್ನೊಂದಕ್ಕೆ ಬೇಯಿಸಿ ಆರಿಸಿದ ಹೆಸರುಕಾಳು. ಬಾಯಿಗೆ ಹತ್ತಿ ತುರುಕಿ, ಅದರ ನಡುವೆ ಥರ್ಮಾಮೀಟರ್ ಇಳಿಸಿ. ಮೊಳಕೆ ಕಾಳಿನ ಫ್ಲಾಸ್ಕ್ ಒಂದು ದಿನದಲ್ಲೇ ಬಿಸಿಯೇರುತ್ತದೆ, ಬೆಂದ ಕಾಳಿನದ್ದು ಏರುವುದಿಲ್ಲ. ಮಾರನೇ ದಿನವೇ ನೋಡಿ ಮುಗಿಸಿಬಿಡಿ.

ನಾನೊಮ್ಮೆ ಇದನ್ನು ಶನಿವಾರ ಇಟ್ಟು ಮರೆತು ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಬೆಂದ ಕಾಳಿನ ಫ್ಲಾಸ್ಕೇ ಹೆಚ್ಚು ಬಿಸಿ. ‘ಸಾರ್, ಸತ್ತ ಕಾಳು ಉಸಿರಾಡ್ತಿದೆ’ ಎಂದು ಒಬ್ಬ ಹುಡುಗ ಕಿರುಚಿದ. ಮುಚ್ಚಳದ ಹತ್ತಿ ತೆಗೆದ ಕೂಡಲೇ ಬಂದ ವಾಸನೆಗೆ ಅವನೇ ಮೂಗು ಹಿಡಿದುಕೊಂಡು, ‘ಕಾಳಲ್ಲ ಸಾರ್, ಅದನ್ನ ತಿಂತಿರೋ ಬ್ಯಾಕ್ಟೀರಿಯಾ’ ಅಂದ. ಫ್ಲಾಸ್ಕಿನ ವಾಸನೆ ಹೋಗಲು ಮೂರು ದಿನ ನಿಂಬೆಹುಳಿ, ಬಿಸಿನೀರು ಹಾಕಿ ತೊಳೆಯಬೇಕಾಯಿತು.